ಅಂಗಳದ ಆಟ ಮತ್ತು ಅಪಮೃತ್ಯುವಿನ ಸಂಸ್ಕಾರ: ದಕ್ಷಿಣ ಕೊರಿಯಾದ ಪ್ರಜಾಪ್ರಭುತ್ವ ಚಳವಳಿಯಲ್ಲಿ ವಿದ್ಯಾರ್ಥಿಗಳು ಮತ್ತು ಜಾನಪದ

1

ಜನಪದ ಕಲೆಗಳು ರಾಜಕೀಯ ಚಳವಳಿಗಳಲ್ಲಿ ಬಳಕೆಯಾಗುವ ಸಂಗತಿ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಆದರೆ ಈ ಬಳಕೆಯನ್ನು ವಿವರಿಸುವಾಗ ವಿದ್ವಾಂಸರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಜನಪದ ಕಲೆಯ ಒಡಲಲ್ಲಿಯೇ ಪ್ರತಿಭಟನೆಯ ಸತ್ವ ಅಡಗಿದೆ, ಚಳವಳಿಯು ಅದನ್ನು ಹೊರತಂದಿತು ಎಂಬುದು ಮೊದಲನೆಯ ದಾರಿ. ಮೂಲ ಸಂದರ್ಭದಿಂದ ಕಿತ್ತು ತಂದ ಕಲೆ ಜಾನಪದವಾಗಿ ಉಳಿಯುವುದಿಲ್ಲ, ಅದು ಪ್ರಚಾರದ ಸಾಧನವಾಗುತ್ತದೆ ಎಂಬುದು ಎರಡನೆಯದು. ಮೊದಲನೆಯದು ಕಲೆಯ ವಸ್ತುವಿನ ಮೇಲೆ ಭಾರ ಹಾಕುತ್ತದೆ. ಎರಡನೆಯದು ಕಲೆಯ ಮೂಲದ ಮೇಲೆ. ಒಂದು ರೂಪವು ಒಂದು ಕಾಲದ ಜನರಿಗೆ ಯಾವ ಕೆಲಸವನ್ನು ಮಾಡಿಕೊಟ್ಟಿತು ಎಂಬ ಪ್ರಶ್ನೆ ಎರಡರಲ್ಲಿಯೂ ಹಿಂದೆ ಸರಿಯುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ದಕ್ಷಿಣ ಕೊರಿಯಾದ ವಿದ್ಯಾರ್ಥಿ ಚಳವಳಿ ಉತ್ತಮ ನಿದರ್ಶನವಾಗಿದೆ. 1961ರ ಸೈನಿಕ ಕ್ರಾಂತಿಯಿಂದ 1987ರ ಡಿಸೆಂಬರ್ ತಿಂಗಳ ನೇರ ಅಧ್ಯಕ್ಷೀಯ ಚುನಾವಣೆಯವರೆಗಿನ ಅವಧಿಯಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳ ಯುವಜನರು ಮುಖವಾಡದ ಆಟ, ಬೇಸಾಯಗಾರರ ವಾದ್ಯಮೇಳ, ಶಾಮನ ಆಚರಣೆ, ಶವಸಂಸ್ಕಾರದ ವಿಧಿ ಇವೆಲ್ಲವನ್ನೂ ಚಳವಳಿಯ ಭಾಗವಾಗಿಸಿಕೊಂಡರು. ಈ ಯುವಜನರು ಮುಖವಾಡದ ಆಟದ ವಿಡಂಬನೆಯಿಂದ ರಾಜಕೀಯ ಶಕ್ತಿ ಪಡೆದರು ಎಂಬ ವಿವರಣೆ ಪ್ರಚಲಿತದಲ್ಲಿದೆ. ಆ ವಿವರಣೆ ಅಪೂರ್ಣವೆಂಬುದು ಪ್ರಸ್ತುತ ಲೇಖನದ ವಾದ. ಜಾನಪದವು ಈ ಚಳವಳಿಗೆ ಕೊಟ್ಟ ಮುಖ್ಯ ಕೊಡುಗೆ ನಗೆಯಲ್ಲ. ಅನ್ಯಾಯವಾಗಿ ಸತ್ತವರಿಗೆ ಸಲ್ಲಬೇಕಾದ ಸಂಸ್ಕಾರದ ಕ್ರಮ. ಆ ಕೊಡುಗೆಗೆ ಚಳವಳಿ ತೆತ್ತ ಬೆಲೆಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

2

ಕೊರಿಯಾದ ಮುಖವಾಡದ ಆಟಕ್ಕೆ ತಲ್ಚುಮ್ ಎಂದು ಹೆಸರು. ರಂಗವೇದಿಕೆಯಿಲ್ಲದೆ, ಜನರು ಸುತ್ತ ಕುಳಿತ ಬಯಲಿನಲ್ಲಿ ಆಡುವ ಈ ಆಟವನ್ನು ನಮ್ಮ ಓದುಗರು ಬಯಲಾಟದ ಪರಿಚಯದಿಂದ ಸುಲಭವಾಗಿ ಊಹಿಸಿಕೊಳ್ಳಬಹುದು. ಪಾರ್ಕ್ ಚುಂಗ್-ಹೀ ಆಡಳಿತ 1962ರಲ್ಲಿ ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣೆಯ ಕಾನೂನನ್ನು ತಂದಿತು. ಅದರ ಅಡಿಯಲ್ಲಿ 1964ರಲ್ಲಿ ಯಾಂಗ್ಜು ಪ್ರದೇಶದ ಮುಖವಾಡದ ಆಟವನ್ನೂ 1967ರಲ್ಲಿ ಬೊಂಗ್‌ಸಾನ್ ತಲ್ಚುಮ್ ಅನ್ನೂ ರಕ್ಷಣೆಗೆ ಅರ್ಹವಾದ ಪರಂಪರೆಗಳೆಂದು ಘೋಷಿಸಲಾಯಿತು. ಇದೇ ಆಡಳಿತ 1970ರಲ್ಲಿ ಆರಂಭಿಸಿದ ಸೇಮಾಉಲ್ ಎಂಬ ಗ್ರಾಮಾಭಿವೃದ್ಧಿ ಕಾರ್ಯಕ್ರಮದ ಅವಧಿಯಲ್ಲಿ ಊರ ದೇವತೆಗಳ ಗುಡಿಗಳನ್ನು ಮೂಢನಂಬಿಕೆಯ ಹೆಸರಿನಲ್ಲಿ ಕೆಡವಲಾಯಿತು. ಪ್ರದರ್ಶನ ಕಲೆಯಾಗಿ ಕಾಣುವ ಜಾನಪದಕ್ಕೆ ಮನ್ನಣೆ, ನಂಬಿಕೆಯಾಗಿ ಬದುಕಿರುವ ಜಾನಪದಕ್ಕೆ ನಿಷೇಧ ಎಂಬ ಈ ವಿಭಜನೆಯನ್ನು ಮುಂದಿನ ಚರ್ಚೆಯಲ್ಲಿ ನೆನಪಿಡಬೇಕು.

1970ರ ದಶಕದ ಆರಂಭದಿಂದ ವಿಶ್ವವಿದ್ಯಾಲಯಗಳಲ್ಲಿ ತಲ್ಚುಮ್ ಕಲಿಯುವ ವಿದ್ಯಾರ್ಥಿ ಕೂಟಗಳು ಹುಟ್ಟಿಕೊಂಡವು. 1972ರ ಯೂಶಿನ್ ಸಂವಿಧಾನ ಮತ್ತು ಅದರ ಹಿಂದೆಯೇ ಬಂದ ತುರ್ತು ಆಜ್ಞೆಗಳು ಬಹಿರಂಗ ರಾಜಕೀಯ ಚಟುವಟಿಕೆಯನ್ನು ಅಸಾಧ್ಯವಾಗಿಸಿದಾಗ, ಈ ಕೂಟಗಳು ವಿದ್ಯಾರ್ಥಿಗಳು ಒಟ್ಟುಗೂಡುವ ತಾಣಗಳಾದವು. ಇವುಗಳಿಂದಲೇ ಮದಂಗ್‌ಗುಕ್ ಎಂಬ ಹೊಸ ರಂಗರೂಪ ಮೂಡಿತು. ಮದಂಗ್ ಎಂದರೆ ಅಂಗಳ. ಮದಂಗ್‌ಗುಕ್ ಎಂದರೆ ಅಂಗಳದ ನಾಟಕ. ಮುಖವಾಡ, ಕುಣಿತ, ವಾದ್ಯ ಮತ್ತು ಅಂದಂದಿನ ರಾಜಕೀಯ ವಸ್ತು ಇವುಗಳನ್ನು ಕೂಡಿಸಿ ಕಟ್ಟಿದ ರೂಪವಿದು.

ಈ ರೂಪದ ಸಿದ್ಧಾಂತವನ್ನು ಕಟ್ಟಿದವರು ಮತ್ತು ಅದಕ್ಕೆ ಶಾಸ್ತ್ರೀಯ ಆಧಾರ ಒದಗಿಸಿದವರು ತಲ್ಚುಮ್‌ನ ಯಾಂಗ್‌ಬಾನ್ ಪ್ರಸಂಗವನ್ನು ಕೇಂದ್ರದಲ್ಲಿಟ್ಟರು. ಅದರಲ್ಲಿ ಮಲ್ತುಗಿ ಎಂಬ ಆಳು ತನ್ನ ಯಾಂಗ್‌ಬಾನ್ ಒಡೆಯರನ್ನು, ಅಂದರೆ ಕುಲೀನ ವರ್ಗದವರನ್ನು, ಮಾತಿನ ಚಮತ್ಕಾರದಿಂದ ಗೇಲಿ ಮಾಡುತ್ತಾನೆ. 1979ರಲ್ಲಿ ತಲ್ಚುಮ್‌ನ ಇತಿಹಾಸ ಮತ್ತು ತತ್ವವನ್ನು ಕುರಿತು ಗ್ರಂಥ ಪ್ರಕಟಿಸಿದ ಚೋ ದೊಂಗ್-ಇಲ್ ಅವರ ವಿದ್ವತ್ತು ಈ ಓದಿಗೆ ಗಟ್ಟಿ ನೆಲೆಯಾಯಿತು. ವಿದ್ಯಾರ್ಥಿಗಳು ಆಳಿನ ಮುಖವಾಡದಲ್ಲಿ ಮಿಂಜುಂಗ್ ಅನ್ನು, ಎಂದರೆ ತುಳಿತಕ್ಕೊಳಗಾದ ಸಾಮಾನ್ಯ ಜನತೆಯನ್ನು, ಕಂಡರು.

ಈ ಓದು ತಪ್ಪಲ್ಲ; ಆದರೆ ಆಯ್ದ ಓದು. ಒಡೆಯನನ್ನು ಗೇಲಿ ಮಾಡುವ ಆಟವನ್ನು ಒಡೆಯರು ಶತಮಾನಗಳ ಕಾಲ ಸಹಿಸಿಕೊಂಡಿದ್ದರು. ವರ್ಷಕ್ಕೊಮ್ಮೆ ಅನುಮತಿ ಪಡೆದ ನಗೆ ವ್ಯವಸ್ಥೆಯನ್ನು ಕೆಡವುವುದಕ್ಕಿಂತ ಹೆಚ್ಚಾಗಿ ಅದರ ಬಿಗುವನ್ನು ಸಡಿಲಿಸುತ್ತದೆ ಎಂಬುದನ್ನು ವಿಡಂಬನೆಯ ಆಚರಣೆಗಳ ಅಧ್ಯಯನ ಎಲ್ಲೆಡೆ ತೋರಿಸಿದೆ. ಅದಕ್ಕಿಂತ ಮುಖ್ಯವಾದ ಸಂಗತಿ ಪಠ್ಯದಲ್ಲಿಯೇ ಇದೆ. ಬೊಂಗ್‌ಸಾನ್ ತಲ್ಚುಮ್ ಯಾಂಗ್‌ಬಾನ್ ಪ್ರಸಂಗದೊಂದಿಗೆ ಮುಗಿಯುವುದಿಲ್ಲ. ಅದರ ಕೊನೆಯ ಪ್ರಸಂಗದಲ್ಲಿ ಗಂಡನನ್ನು ಅರಸಿ ಬಂದ ಮಿಯಾಲ್ ಎಂಬ ಮುದುಕಿ ಗಂಡ ಮತ್ತು ಅವನ ಉಪಪತ್ನಿಯೊಂದಿಗಿನ ಜಗಳದಲ್ಲಿ ಸಾಯುತ್ತಾಳೆ. ಆಗ ಒಬ್ಬ ವೃದ್ಧ ಬಂದು ಆಕೆಯ ಆತ್ಮಕ್ಕಾಗಿ ಜಿನೊಗ್ವಿ ಗುತ್ ಮಾಡಿಸುತ್ತಾನೆ. ಗುತ್ ಎಂದರೆ ಮುದಂಗ್ ಎಂಬ ಶಾಮನ ಸ್ತ್ರೀ ನಡೆಸುವ ಆಚರಣೆ. ಜಿನೊಗ್ವಿ ಸತ್ತವರನ್ನು ಪರಲೋಕಕ್ಕೆ ದಾಟಿಸುವ ವಿಧಿ. ನಗೆಯ ಆಟ ಮುಗಿಯುವುದು ಅಪಮೃತ್ಯುವಿಗೆ ಈಡಾದ ಹೆಣ್ಣಿನ ಸಂಸ್ಕಾರದಲ್ಲಿ. ಮದಂಗ್‌ಗುಕ್‌ನ ಆರಂಭದ ಕೃತಿಯೆಂದು ಗಣಿಸಲಾಗುವ ಕವಿ ಕಿಮ್ ಜಿ-ಹಾ ಅವರ 1973ರ ನಾಟಕದ ಹೆಸರೂ ಈ ವಿಧಿಯದೇ. ಸಿದ್ಧಾಂತವು ಮಲ್ತುಗಿಯನ್ನು ಎತ್ತಿ ಹಿಡಿಯಿತು. ಚಳವಳಿಯ ಅನುಭವ ಮಾತ್ರ ಮಿಯಾಲ್‌ಳ ಪ್ರಸಂಗದ ಕಡೆಗೇ ಸಾಗಿತು.

3

ಕೊರಿಯಾದ ವಿದ್ಯಾರ್ಥಿ ಚಳವಳಿಯ ಇತಿಹಾಸವನ್ನು ಶವಗಳ ಇತಿಹಾಸವಾಗಿಯೂ ಓದಲು ಸಾಧ್ಯವಿದೆ. 1960ರ ಏಪ್ರಿಲ್ 11ರಂದು ಮಾಸಾನ್ ಬಂದರಿನ ನೀರಿನಲ್ಲಿ ಕಿಮ್ ಜು-ಯುಲ್ ಎಂಬ ವಿದ್ಯಾರ್ಥಿಯ ಶವ ತೇಲಿತು. ಕಣ್ಣಿನಲ್ಲಿ ಅಶ್ರುವಾಯು ಸಿಡಿಗುಂಡು ನಾಟಿಕೊಂಡಿತ್ತು. ಆ ತಿಂಗಳ ಕೊನೆಯೊಳಗೆ ಸಿಂಗ್‌ಮನ್ ರೀ ಅಧಿಕಾರದಿಂದ ಇಳಿಯಬೇಕಾಯಿತು. 1964ರ ಮೇ ತಿಂಗಳಲ್ಲಿ ಸಿಯೋಲ್‌ನ ವಿದ್ಯಾರ್ಥಿಗಳು ಪಾರ್ಕ್ ಆಡಳಿತ ಘೋಷಿಸಿದ್ದ 'ರಾಷ್ಟ್ರೀಯ ಪ್ರಜಾಪ್ರಭುತ್ವ'ಕ್ಕೆ ಅಣಕು ಶವಯಾತ್ರೆ ನಡೆಸಿದರು. ಎಂದರೆ ತಲ್ಚುಮ್ ಕೂಟಗಳು ಹುಟ್ಟುವ ಮೊದಲೇ ಶವಸಂಸ್ಕಾರದ ರೂಪ ಚಳವಳಿಯ ಭಾಷೆಯಾಗಿತ್ತು.

1980ರ ಮೇ 18ರಿಂದ 27ರವರೆಗೆ ಗ್ವಾಂಗ್ಜು ನಗರದಲ್ಲಿ ನಡೆದ ಜನದಂಗೆ ಮತ್ತು ಹತ್ಯಾಕಾಂಡ ಈ ಭಾಷೆಗೆ ಹೊಸ ತೀವ್ರತೆಯನ್ನು ತಂದಿತು. ಸತ್ತವರನ್ನು ಗಲಭೆಕೋರರೆಂದು ಕರೆದ ಚುನ್ ದೂ-ಹ್ವಾನ್ ಆಡಳಿತವು ಅವರಿಗಾಗಿ ಬಹಿರಂಗವಾಗಿ ದುಃಖಿಸುವುದನ್ನೇ ಅಪರಾಧವೆಂಬಂತೆ ಕಂಡಿತು. ಮಂಗ್ವೊಲ್-ದೊಂಗ್ ಸ್ಮಶಾನದಲ್ಲಿದ್ದ ಸಮಾಧಿಗಳನ್ನು ಬೇರೆಡೆಗೆ ಸಾಗಿಸುವಂತೆ ಕುಟುಂಬಗಳ ಮೇಲೆ ಒತ್ತಡ ಹೇರಲಾಯಿತು.

ಇಂತಹ ಸ್ಥಿತಿಯಲ್ಲಿ 1982ರ ಫೆಬ್ರವರಿ 20ರಂದು ಅದೇ ಸ್ಮಶಾನದಲ್ಲಿ ಒಂದು ಮದುವೆ ನಡೆಯಿತು. ವರ ಯೂನ್ ಸಾಂಗ್-ವೊನ್. ದಂಗೆಕೋರರ ವಕ್ತಾರನಾಗಿದ್ದು 1980ರ ಮೇ 27ರ ನಸುಕಿನಲ್ಲಿ ಪ್ರಾಂತ ಕಚೇರಿಯಲ್ಲಿ ಹತನಾದ ಯುವಕ. ವಧು ಪಾರ್ಕ್ ಕಿ-ಸುನ್. ಕಾರ್ಮಿಕರಿಗಾಗಿ 1978ರಲ್ಲಿ 'ದುಲ್‌ಬುಲ್' ಅಥವಾ ಕಾಳ್ಗಿಚ್ಚು ಎಂಬ ರಾತ್ರಿಶಾಲೆಯನ್ನು ಆರಂಭಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಲಿದ್ದಲಿನ ಅನಿಲದಿಂದ ಮೃತಪಟ್ಟ ವಿದ್ಯಾರ್ಥಿನಿ. ಯೂನ್ ಆ ಶಾಲೆಯ ಶಿಕ್ಷಕರಲ್ಲಿ ಒಬ್ಬನಾಗಿದ್ದನು.

ಮದುವೆಯಾಗದೆ ಸತ್ತವರು ತೃಪ್ತಿಯಿಲ್ಲದ ಆತ್ಮಗಳಾಗಿ ಅಲೆಯುತ್ತಾರೆ ಎಂಬ ನಂಬಿಕೆಯಿಂದ ಹುಟ್ಟಿದ ಈ ಪ್ರೇತವಿವಾಹ ಕರ್ನಾಟಕದ ಜಾನಪದ ವಿದ್ವಾಂಸರಿಗೆ ಅಪರಿಚಿತವಲ್ಲ. ತುಳುನಾಡಿನಲ್ಲಿ, ಹೆಚ್ಚಾಗಿ ಆಟಿ ತಿಂಗಳಲ್ಲಿ, ಎಳೆಯ ವಯಸ್ಸಿನಲ್ಲಿ ತೀರಿಕೊಂಡವರಿಗೆ ಎರಡು ಕುಟುಂಬಗಳು ನೆಂಟಸ್ತಿಕೆ ಬೆಳೆಸಿ ಮದುವೆ ನಡೆಸುತ್ತವೆ. ಎರಡೂ ಕಡೆ ವಿಧಿಯ ತರ್ಕ ಒಂದೇ: ಸತ್ತವರು ಬದುಕಿದ್ದವರ ಬಂಧುಬಳಗದಿಂದ ಹೊರಬೀಳುವುದಿಲ್ಲ, ಅವರಿಗೆ ಸಲ್ಲಬೇಕಾದುದು ಬಾಕಿ ಉಳಿದಿರುತ್ತದೆ. ಆದರೆ ತುಳುನಾಡಿನಲ್ಲಿ ಈ ಬಾಕಿ ಕುಟುಂಬದ್ದು. ಮಂಗ್ವೊಲ್-ದೊಂಗ್‌ನಲ್ಲಿ ಅದು ಇಡೀ ನಗರದ್ದಾಯಿತು. ಬಹಿರಂಗ ಶೋಕಸಭೆಯನ್ನು ತಡೆಯಬಲ್ಲ ಆಡಳಿತಕ್ಕೆ ಎರಡು ಕುಟುಂಬಗಳು ಮಾಡುವ ಮದುವೆಯನ್ನು ತಡೆಯುವುದು ಅಷ್ಟು ಸುಲಭವಾಗಿರಲಿಲ್ಲ. ಆಚರಣೆಯು ರಾಜಕೀಯಕ್ಕೆ ಹೊದಿಸಿದ ಹೊದಿಕೆಯಾಗಿರಲಿಲ್ಲ. ಆಚರಣೆಯೇ ರಾಜಕೀಯ ಕ್ರಿಯೆಯಾಗಿತ್ತು.

ಈ ವಿವಾಹವನ್ನು ವಸ್ತುವಾಗಿಸಿಕೊಂಡು ಅದೇ ವರ್ಷ ಗ್ವಾಂಗ್ಜುವಿನಲ್ಲಿ ಕಾದಂಬರಿಕಾರ ಹ್ವಾಂಗ್ ಸೊಕ್-ಯೊಂಗ್ ಅವರ ಮನೆಯಲ್ಲಿ, ಕಿಟಕಿಗಳಿಗೆ ಕಂಬಳಿ ಹೊದಿಸಿ, ಸಾಧಾರಣ ಕ್ಯಾಸೆಟ್ ಯಂತ್ರದಲ್ಲಿ ಒಂದು ಗೀತನಾಟಕವನ್ನು ಧ್ವನಿಮುದ್ರಿಸಲಾಯಿತು. 'ನೊಕ್‌ಪುರಿ', ಎಂದರೆ ಆತ್ಮದ ಬಿಡುಗಡೆ, ಎಂಬುದು ಅದರ ಹೆಸರು. ಬೇಕ್ ಕಿ-ವಾನ್ ಅವರ ಕವಿತೆಯೊಂದನ್ನು ಹ್ವಾಂಗ್ ಮಾರ್ಪಡಿಸಿದರು. ವಿದ್ಯಾರ್ಥಿಯಾಗಿದ್ದ ಕಿಮ್ ಜೊಂಗ್-ರ್ಯುಲ್ ಅದಕ್ಕೆ ರಾಗ ಹಾಕಿದರು. 'ಪ್ರಿಯನಿಗಾಗಿ ನಡಿಗೆ' ಎಂದು ಕನ್ನಡಿಸಬಹುದಾದ ಶೀರ್ಷಿಕೆಯ ಆ ಹಾಡು ಪ್ರತಿಯಿಂದ ಪ್ರತಿಗೆ, ಬಾಯಿಂದ ಬಾಯಿಗೆ ಹರಡಿ ಇಡೀ ಚಳವಳಿಯ ಹಾಡಾಯಿತು. ಕರ್ತೃ ಗೊತ್ತಿರುವ ರಚನೆ ಜನಪದವಾಗದು ಎಂಬ ಹಳೆಯ ಲಕ್ಷಣವನ್ನು ಇಲ್ಲಿ ಮರುಪರಿಶೀಲಿಸಬೇಕಾಗುತ್ತದೆ. ಸತ್ತವರು ಬದುಕಿರುವವರನ್ನು ಉದ್ದೇಶಿಸಿ ಮಾತನಾಡುವ ಕ್ರಮವನ್ನು ಆ ಹಾಡು ಗುತ್ ಆಚರಣೆಯಿಂದಲೇ ಪಡೆದಿದೆ. ಮುದಂಗ್‌ಳ ಬಾಯಿಯಲ್ಲಿ ಮೃತನು ಮಾತನಾಡುವುದು ಆ ಆಚರಣೆಯ ಕೇಂದ್ರಘಟ್ಟ.

ವಸ್ತುವಿಗಿಂತ ಕಾರ್ಯ ಮುಖ್ಯ ಎಂಬುದಕ್ಕೆ ವಿರುದ್ಧ ದಿಕ್ಕಿನಿಂದಲೂ ಸಾಕ್ಷ್ಯವಿದೆ. 1981ರ ಮೇ 28ರಿಂದ ಜೂನ್ 1ರವರೆಗೆ ಚುನ್ ಆಡಳಿತವು ಸಿಯೋಲ್‌ನ ಯೊಯಿದೋ ಬಯಲಿನಲ್ಲಿ 'ಗುಕ್‌ಪುಂಗ್ 81' ಎಂಬ ಬೃಹತ್ ಉತ್ಸವವನ್ನು ನಡೆಸಿತು. ವಿದ್ಯಾರ್ಥಿಗಳು ಆಡುತ್ತಿದ್ದ ಮುಖವಾಡದ ಆಟ, ಬಾರಿಸುತ್ತಿದ್ದ ವಾದ್ಯಮೇಳಗಳು ಅಲ್ಲಿಯೂ ಇದ್ದವು. ಅಪಾರ ಜನ ಸೇರಿದರು. ಆದರೆ ಚಳವಳಿಯ ವಿದ್ಯಾರ್ಥಿಗಳ ಕಣ್ಣಿನಲ್ಲಿ ಅದು ಗ್ವಾಂಗ್ಜುವಿನ ಮೊದಲ ವರ್ಷದ ನೆನಪನ್ನು ಮುಚ್ಚುವ ಗದ್ದಲವಾಗಿತ್ತು. ಅದೇ ಆಟ, ಅದೇ ವಾದ್ಯ, ಅದೇ ಬಗೆಯ ಬಯಲು. ಅಲ್ಲಿ ಇಲ್ಲದಿದ್ದುದು ಸತ್ತವರು ಮಾತ್ರ.

4

1987ರ ಘಟನಾವಳಿಯನ್ನು ರಾಜಕೀಯ ಇತಿಹಾಸಕಾರರು ಸಂವಿಧಾನ ತಿದ್ದುಪಡಿಯ ಬೇಡಿಕೆ, ವಿರೋಧ ಪಕ್ಷಗಳ ಮೈತ್ರಿ, ಮಧ್ಯಮ ವರ್ಗದ ಬೆಂಬಲ ಮುಂತಾದ ಕಾರಣಗಳಿಂದ ವಿವರಿಸುತ್ತಾರೆ. ಇವು ಸರಿಯಾದ ಕಾರಣಗಳೇ. ಆದರೆ ಆ ವರ್ಷದ ದಿನಸೂಚಿಯನ್ನು ಜಾನಪದ ವಿದ್ಯಾರ್ಥಿಯ ಕಣ್ಣಿನಿಂದ ನೋಡಿದರೆ ಇನ್ನೊಂದು ಕ್ರಮ ಗೋಚರಿಸುತ್ತದೆ.

ಜನವರಿ 14ರಂದು ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪಾರ್ಕ್ ಜೊಂಗ್-ಚೊಲ್ ಪೊಲೀಸರ ನೀರಿನ ಚಿತ್ರಹಿಂಸೆಯಿಂದ ಸತ್ತನು. ಶವವನ್ನು ಅವಸರದಲ್ಲಿ ಸುಡಲಾಯಿತು. ತಂದೆ ಚಿತಾಭಸ್ಮವನ್ನು ಹೆಪ್ಪುಗಟ್ಟಿದ್ದ ಹೊಳೆಗೆ ಬಿಟ್ಟರು. ಸಮಾಧಿಯೇ ಇಲ್ಲದ ಈ ಸಾವಿಗೆ ಚಳವಳಿಯು ವಿಧಿಯ ದಿನವನ್ನು ಹಿಡಿಯಿತು. ಸತ್ತ ದಿನವನ್ನು ಸೇರಿಸಿ ಎಣಿಸಿದರೆ ಮಾರ್ಚ್ 3 ನಲವತ್ತೊಂಬತ್ತನೆಯ ದಿನ. ಬೌದ್ಧ ಸಂಪ್ರದಾಯದಂತೆ ಆತ್ಮ ಈ ಲೋಕವನ್ನು ಬಿಟ್ಟು ಮುಂದೆ ಸಾಗುವ ದಿನ. ಚಿತ್ರಹಿಂಸೆಯ ವಿರುದ್ಧದ ಶಾಂತಿ ಮೆರವಣಿಗೆ ನಡೆದುದು ಅಂದೇ. ಸಾವಿನ ಸತ್ಯವನ್ನು ಮುಚ್ಚಿಟ್ಟ ಸಂಗತಿಯನ್ನು ಕ್ಯಾಥೊಲಿಕ್ ಪಾದ್ರಿಗಳು ಬಯಲು ಮಾಡಿದುದು ಮೇ 18ರಂದು, ಗ್ವಾಂಗ್ಜುವಿನ ಮೃತರ ಏಳನೆಯ ವರ್ಷದ ಪ್ರಾರ್ಥನೆಯ ಸಂದರ್ಭದಲ್ಲಿ, ಮ್ಯೊಂಗ್-ದೊಂಗ್ ಚರ್ಚಿನಲ್ಲಿ. ಪಂಥಗಳು ಬೇರೆಯಾದರೂ ಎರಡೂ ಕಡೆ ರಾಜಕೀಯದ ದಿನವನ್ನು ಗೊತ್ತುಪಡಿಸಿದುದು ಸತ್ತವರ ಪಂಚಾಂಗ.

ಜೂನ್ 9ರಂದು ಯೊನ್ಸೇ ವಿಶ್ವವಿದ್ಯಾಲಯದ ದ್ವಾರದ ಬಳಿ ಲೀ ಹಾನ್-ಯೊಲ್ ಎಂಬ ವಿದ್ಯಾರ್ಥಿಯ ತಲೆಗೆ ಅಶ್ರುವಾಯು ಸಿಡಿಗುಂಡು ಬಡಿಯಿತು. ಮರುದಿನದಿಂದ ದೇಶದಾದ್ಯಂತ ಜನ ಬೀದಿಗಿಳಿದರು; ಜೂನ್ 29ರಂದು ಆಳುವ ಪಕ್ಷದ ರೋ ತೇ-ವೂ ನೇರ ಚುನಾವಣೆಗೆ ಒಪ್ಪಿಗೆ ಘೋಷಿಸಿದರು. ಜುಲೈ 5ರಂದು ಲೀ ತೀರಿಕೊಂಡನು. ಜುಲೈ 9ರ ಶವಯಾತ್ರೆಯಲ್ಲಿ ಸಿಯೋಲ್ ನಗರಸಭೆಯ ಎದುರು ಸೇರಿದ ಜನರ ಸಂಖ್ಯೆಯನ್ನು ಸುಮಾರು 10 ಲಕ್ಷವೆಂದು ಅಂದಾಜಿಸಲಾಗಿದೆ. ಅಂದು ನರ್ತಕಿ ಲೀ ಏ-ಜು ಶಾಮನ ಆಚರಣೆಯ ಮೂಲದ ಕುಣಿತದಿಂದ ಮೃತನ ಸಂಕಟವನ್ನು ಬಿಡಿಸುವ ವಿಧಿ ನಡೆಸಿದರು. ಪಾದ್ರಿ ಮೂನ್ ಇಕ್-ಹ್ವಾನ್ ಭಾಷಣವನ್ನೇ ಮಾಡದೆ, ಚಳವಳಿಯಲ್ಲಿ ಮಡಿದ 26 ಜನರ ಹೆಸರುಗಳನ್ನು ಒಂದೊಂದಾಗಿ ಕೂಗಿ ಕರೆದರು. ಮೊದಲನೆಯ ಹೆಸರು 1970ರ ನವೆಂಬರ್ 13ರಂದು ಪ್ರಾಣ ತೆತ್ತ ಸಿದ್ಧ ಉಡುಪು ಕಾರ್ಮಿಕ ಜಿಯೊನ್ ತೇ-ಇಲ್ ಅವರದು. ಕ್ರೈಸ್ತ ಪಾದ್ರಿಯ ಈ ಕರೆ, ಕೊರಿಯಾದ ಮನೆಗಳಲ್ಲಿ ಯಾರಾದರೂ ಸತ್ತಾಗ ಹೆಸರು ಹಿಡಿದು ಆತ್ಮವನ್ನು ಕೂಗುವ ಚೊಹೊನ್ ವಿಧಿಯೇ ಆಗಿತ್ತು. ಲೀಯ ದೇಹವನ್ನು ಗ್ವಾಂಗ್ಜುವಿಗೆ ಒಯ್ದು ಮಂಗ್ವೊಲ್-ದೊಂಗ್‌ನಲ್ಲಿ ಹೂಳಲಾಯಿತು. ಅನುಮತಿಯಿಲ್ಲದೆ ಅಳಲೂ ಆಗದಿದ್ದ ಸ್ಮಶಾನ ಏಳು ವರ್ಷಗಳಲ್ಲಿ ರಾಷ್ಟ್ರದ ಸಮಾಧಿಸ್ಥಳವಾಯಿತು.

ಮಾನವಶಾಸ್ತ್ರಜ್ಞ ಕಿಮ್ ಕ್ವಾಂಗ್-ಓಕ್ 1994ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಶಾಮನ ಆಚರಣೆಯನ್ನು ಪ್ರತಿರೋಧದ ವಿಧಿಯಾಗಿ ಚರ್ಚಿಸಿದ್ದಾರೆ. ಅವರ ಚರ್ಚೆ ನಮ್ಮ ವಾದಕ್ಕೆ ಬಲ ಕೊಡುತ್ತದೆ. ಆದರೆ ವಿಧಿಯನ್ನು ಚಳವಳಿಯು ಕೈವಶ ಮಾಡಿಕೊಂಡಿತು ಎಂದು ಮಾತ್ರ ಹೇಳಿದರೆ, ವಿಧಿಯೂ ಚಳವಳಿಯನ್ನು ತನ್ನ ಲಯಕ್ಕೆ ಒಗ್ಗಿಸಿಕೊಂಡಿತು ಎಂಬ ಅಂಶ ಬಿಟ್ಟುಹೋಗುತ್ತದೆ.

5

ಇಷ್ಟನ್ನು ಒಪ್ಪಿದ ಮೇಲೆ ವಿಮರ್ಶಕನು ಎತ್ತಲೇಬೇಕಾದ ಪ್ರಶ್ನೆಗಳಿವೆ.

ಮೊದಲನೆಯದು, ಇಲ್ಲಿ ಜನಪದರು ಯಾರು ಎಂಬುದು. ಚೊಯ್ ಚುಂಗ್‌ಮೂ 1995ರ ಪ್ರಬಂಧದಲ್ಲಿಯೂ ನಾಮ್ಹಿ ಲೀ 2007ರ ಗ್ರಂಥದಲ್ಲಿಯೂ ತೋರಿಸಿರುವಂತೆ ಮಿಂಜುಂಗ್ ಎಂಬ ಪರಿಕಲ್ಪನೆಯನ್ನು ಕಟ್ಟಿದವರು ಬಹುಮಟ್ಟಿಗೆ ವಿದ್ಯಾವಂತರೇ. ಹಳ್ಳಿಯವರು ಬಿಟ್ಟುಬರುತ್ತಿದ್ದ ಆಟವನ್ನು ನಗರದ ವಿದ್ಯಾರ್ಥಿಗಳು ಕಲಿತು, ಅದನ್ನು ಹಳ್ಳಿಯಿಂದ ಬಂದ ಕಾರ್ಮಿಕರಿಗೆ ಅವರದೇ ಸಂಸ್ಕೃತಿಯೆಂದು ಮರಳಿಸಿದರು. ಈ ವಿಪರ್ಯಾಸ ನಿಜ. ಆದರೆ 1987ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕಾರ್ಖಾನೆಗಳಲ್ಲಿ 3,000ಕ್ಕೂ ಹೆಚ್ಚು ವಿವಾದಗಳು ಭುಗಿಲೆದ್ದಾಗ, ಕಾರ್ಮಿಕರೇ ಪುಂಗ್‌ಮುಲ್ ವಾದ್ಯಗಳನ್ನು ಹಿಡಿದು ಮುಂದೆ ನಡೆದರು. ಕೊಟ್ಟವರು ಯಾರೇ ಇರಲಿ, ಪಡೆದವರು ತಮ್ಮ ಕೆಲಸಕ್ಕೆ ಬಳಸಿದಾಗ ರೂಪ ಮತ್ತೆ ಜನಪದದ್ದಾಯಿತು ಎನ್ನಲು ಅಡ್ಡಿಯಿಲ್ಲ.

ಎರಡನೆಯದು ಲಿಂಗಭಾವದ ಪ್ರಶ್ನೆ. ಪಾರ್ಕ್ ಕಿ-ಸುನ್ ರಾತ್ರಿಶಾಲೆಯನ್ನು ಸ್ಥಾಪಿಸಿದಾಕೆ. ಯೂನ್ ಸಾಂಗ್-ವೊನ್ ಆ ಶಾಲೆಗೆ ಬಂದವನು. ವಿಧಿಯು ಈ ಕ್ರಮವನ್ನು ತಿರುವುಮುರುವಾಗಿಸಿತು. ಸಂಘಟಕಿಯಾಗಿದ್ದವಳು ಸಾರ್ವಜನಿಕ ನೆನಪಿನಲ್ಲಿ ಮುಖ್ಯವಾಗಿ ವಧುವಾಗಿ ಉಳಿದಳು. ಪರಂಪರೆಯ ವಿಧಿಯನ್ನು ಸ್ವೀಕರಿಸಿದಾಗ ಅದರೊಳಗಿನ ಕುಟುಂಬ ವ್ಯವಸ್ಥೆಯೂ ಜೊತೆಗೆ ಬರುತ್ತದೆ. ಮಿಯಾಲ್‌ಳ ಪ್ರಸಂಗವನ್ನು ಸಿದ್ಧಾಂತಿಗಳು ಬದಿಗಿರಿಸಿದುದಕ್ಕೂ ಇದಕ್ಕೂ ಸಂಬಂಧವಿದೆಯೆಂದು ತೋರುತ್ತದೆ: ಆಳಿನ ದನಿಯನ್ನು ಕೇಳಿಸಿಕೊಂಡ ಚಳವಳಿಗೆ ಮುದುಕಿಯ ದನಿ ಅಷ್ಟಾಗಿ ಕೇಳಿಸಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಸಾವಿಗೆ ಸಂಸ್ಕಾರ ಕೊಡುವ ವಿಧಿ ಸಾವನ್ನೇ ಆಹ್ವಾನಿಸುವ ವಿಧಿಯಾಗಬಹುದೇ? 1991ರ ಏಪ್ರಿಲ್ 26ರಂದು ಕಾಂಗ್ ಕ್ಯೊಂಗ್-ದೇ ಎಂಬ ವಿದ್ಯಾರ್ಥಿ ಪೊಲೀಸರ ಹೊಡೆತದಿಂದ ಸತ್ತ ಬಳಿಕ, ಕೆಲವೇ ವಾರಗಳಲ್ಲಿ ಹಲವು ಯುವಜನರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆಗ ಕಿಮ್ ಜಿ-ಹಾ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಇದನ್ನು ಸಾವಿನ ಗುತ್ ಎಂದು ಕರೆದು ನಿಲ್ಲಿಸಬೇಕೆಂದು ಕಟುವಾಗಿ ಹೇಳಿದರು. ಗುತ್ ವಿಧಿಯ ಹೆಸರನ್ನೇ ನಾಟಕಕ್ಕಿಟ್ಟು ಅಂಗಳದ ರಂಗಭೂಮಿಯನ್ನು ಆರಂಭಿಸಿದ ಕವಿಯೇ ಅದೇ ಪದವನ್ನು ಆರೋಪವಾಗಿ ಬಳಸಿದುದು ಚಳವಳಿಯನ್ನು ಆಳವಾಗಿ ಗಾಯಗೊಳಿಸಿತು. ಈ ಸಾವುಗಳ ಹಿಂದೆ ಪ್ರಚೋದಕರಿದ್ದಾರೆ ಎಂಬ ಆರೋಪದ ವಾತಾವರಣದಲ್ಲಿ, ಮೃತನೊಬ್ಬನ ಕೊನೆಯ ಪತ್ರವನ್ನು ಬರೆದುಕೊಟ್ಟನೆಂದು ಕಾಂಗ್ ಕಿ-ಹೂನ್ ಎಂಬ ಕಾರ್ಯಕರ್ತನಿಗೆ ಶಿಕ್ಷೆಯಾಯಿತು. ಆತ ನಿರಪರಾಧಿಯೆಂದು ಸರ್ವೋಚ್ಚ ನ್ಯಾಯಾಲಯ ಅಂತಿಮವಾಗಿ ಹೇಳಿದುದು 2015ರಲ್ಲಿ. ಕಿಮ್ ಜಿ-ಹಾ ಕೂಡ 2001ರಲ್ಲಿ ತಮ್ಮ ಲೇಖನದ ಬಗ್ಗೆ ವಿಷಾದ ವ್ಯಕ್ತಪಡಿಸಿದರು.

ಕವಿಯ ಮಾತು ಬಂದ ಸಮಯ ಮತ್ತು ಅದು ದುರ್ಬಳಕೆಯಾದ ರೀತಿ ಖಂಡನೀಯ. ಆದರೂ ಅದರ ಒಳಗಿನ ಆತಂಕವನ್ನು ತಳ್ಳಿಹಾಕಲಾಗದು. ಗುತ್ ಆಚರಣೆಯ ಗುರಿ ಸತ್ತವರನ್ನು ಕಳುಹಿಸಿಕೊಡುವುದು. ಮುದಂಗ್ ಮೃತನನ್ನು ಕರೆಯುತ್ತಾಳೆ, ಮಾತನಾಡಿಸುತ್ತಾಳೆ, ಅಳಿಸುತ್ತಾಳೆ. ಕೊನೆಗೆ ಬಟ್ಟೆಯ ಸೇತುವೆಯನ್ನು ಸೀಳಿ ದಾರಿ ಮಾಡಿ ಬೀಳ್ಕೊಡುತ್ತಾಳೆ. ಚಳವಳಿಯು ಕರೆಯುವ ವಿಧಿಯನ್ನು ಚೆನ್ನಾಗಿ ಕಲಿತಿತು, ಬೀಳ್ಕೊಡುವ ವಿಧಿಯನ್ನು ಅಷ್ಟು ಕಲಿಯಲಿಲ್ಲ. ಹೊಣೆಗಾರರಿಗೆ ಶಿಕ್ಷೆಯಾಗದಿರುವಾಗ ಬೀಳ್ಕೊಡುವುದು ಹೇಗೆ ಸಾಧ್ಯ ಎಂಬುದು ಅವರ ನ್ಯಾಯವಾದ ಉತ್ತರವೂ ಆಗಿತ್ತು. ಈ ಇಕ್ಕಟ್ಟನ್ನು ಬಿಡಿಸುವ ಶಕ್ತಿ ಆಚರಣೆಗೆ ಇರಲಿಲ್ಲ. ಅದು ನ್ಯಾಯಾಲಯಗಳ ಕೆಲಸವಾಗಿತ್ತು.

6

ಪ್ರಜಾಪ್ರಭುತ್ವ ನೆಲೆಗೊಂಡ ಮೇಲೆ ಈ ರೂಪಗಳಿಗೆ ಮನ್ನಣೆ ದೊರೆಯಿತು. 1997ರಿಂದ ಮೇ 18ರ ಸ್ಮರಣೆಯನ್ನು ಸರ್ಕಾರವೇ ನಡೆಸುತ್ತಿದೆ. ಬೇಸಾಯಗಾರರ ವಾದ್ಯಮೇಳ 2014ರಲ್ಲಿ, ತಲ್ಚುಮ್ 2022ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿದವು. ಆದರೂ ಪ್ರೇತವಿವಾಹದಿಂದ ಹುಟ್ಟಿದ ಹಾಡು ಪೂರ್ತಿಯಾಗಿ ಪಳಗಲಿಲ್ಲ. ಸರ್ಕಾರಿ ಸಮಾರಂಭದಲ್ಲಿ ಎಲ್ಲರೂ ಕೂಡಿ ಹಾಡಬೇಕೇ ಅಥವಾ ಗಾಯಕವೃಂದ ಹಾಡಿದರೆ ಸಾಕೇ ಎಂಬ ವಿವಾದ ವರ್ಷಗಟ್ಟಲೆ ನಡೆದು, 2017ರಲ್ಲಿ ಮತ್ತೆ ಎಲ್ಲರೂ ಹಾಡುವ ಕ್ರಮ ಬಂದಿತು. ಕೇಳುವ ಹಾಡು ಬೇರೆ, ಹಾಡುವ ಹಾಡು ಬೇರೆ ಎಂಬುದು ಎರಡೂ ಪಕ್ಷಗಳಿಗೆ ತಿಳಿದಿತ್ತು.

2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್-ಯೊಲ್ ಸೈನಿಕ ಕಾನೂನು ಘೋಷಿಸಿದಾಗ ಬೀದಿಗೆ ಬಂದ ಯುವತಿಯರ ಕೈಯಲ್ಲಿ ಮುಖವಾಡಗಳಿರಲಿಲ್ಲ. ಸಂಗೀತ ಕಚೇರಿಗಳಲ್ಲಿ ಅಭಿಮಾನಿಗಳು ಬೀಸುವ ಬಣ್ಣದ ದೀಪದ ಕೋಲುಗಳಿದ್ದವು. ಅವರು ಹಾಡಿದ ಹಾಡುಗಳಲ್ಲಿ ಜನಪ್ರಿಯ ಗಾಯನ ತಂಡಗಳ ಹಾಡುಗಳೂ ಮಂಗ್ವೊಲ್-ದೊಂಗ್‌ನ ಹಾಡೂ ಸೇರಿದ್ದವು. ವಸ್ತುವಿನಿಂದ ಅಥವಾ ಮೂಲದಿಂದ ಅಳೆಯುವ ವಿದ್ವಾಂಸನಿಗೆ ಇಲ್ಲಿ ಜಾನಪದ ಕಾಣಿಸದು. ಕಾರ್ಯದಿಂದ ಅಳೆಯುವವನಿಗೆ ಅಂಗಳ ಮತ್ತೆ ತುಂಬಿದುದು ಕಾಣುತ್ತದೆ.

ಒಟ್ಟಿನಲ್ಲಿ, ಕೊರಿಯಾದ ಯುವಜನರಿಗೆ ಜಾನಪದ ಒದಗಿಸಿದುದು ಹಿಂದಿನ ಕಾಲದ ಸಂದೇಶವನ್ನಲ್ಲ. ಅಧಿಕಾರವು ಮರೆಮಾಡಲು ಹೊರಟ ಸಾವನ್ನು ಸಮುದಾಯದ ನಡುವೆ ತಂದಿರಿಸುವ ಕ್ರಮವನ್ನು. ಆ ಕ್ರಮದಲ್ಲಿ ಬಲವೂ ಇತ್ತು, ಅಪಾಯವೂ ಇತ್ತು. ಜನಪದ ಕಲೆಯ ಸಂರಕ್ಷಣೆಯನ್ನು ಕುರಿತು ಚಿಂತಿಸುವ ನಾವು ಆಟವನ್ನು ಉಳಿಸಿ ಆಚರಣೆಯನ್ನು ಅಳಿಸುವ ನೀತಿಯ ಬಗ್ಗೆ ಎಚ್ಚರ ವಹಿಸಬೇಕೆಂಬುದನ್ನು ಈ ಅಧ್ಯಯನ ಸೂಚಿಸುತ್ತದೆ. ಮಲ್ತುಗಿಯ ಮಾತುಗಳನ್ನು ಸಂಗ್ರಹಿಸಿ ಮುದ್ರಿಸುವುದರ ಜೊತೆಗೆ, ಮಿಯಾಲ್ ಸತ್ತ ಮೇಲೆ ಆಕೆಗಾಗಿ ಏನು ಮಾಡಲಾಯಿತು ಎಂಬುದನ್ನೂ ಬರೆದಿಡಬೇಕು.